ಅಕ್ಕನ ಪಾಲಿನ ಮಾತ್ರೆ

"ಈ ಮಾತ್ರೆ ಯಾರು ಬರ್ಕೊಟ್ಟಿದ್ದು?" ಡಾಕ್ಟರಮ್ಮ ಖಾಲಿ ಸ್ಟ್ರಿಪ್ಪನ್ನು ಎತ್ತಿ ಹಿಡಿದು ಕೇಳಿದರು.

ತಂಗಿ ತಲೆ ತಗ್ಗಿಸಿದಳು. ಪಕ್ಕದ ಕುರ್ಚಿಯಲ್ಲಿದ್ದ ಅಕ್ಕನೇ ಮುಂದೆ ಬಗ್ಗಿ, "ನನಗೆ ಬರ್ಕೊಟ್ಟಿದ್ದು ಡಾಕ್ಟ್ರೇ. ಎಷ್ಟು ಚೆನ್ನಾಗಿ ಹಿಡೀತು ಅಂತೀರಿ! ಅದಕ್ಕೇ ಇವಳಿಗೂ ಕೊಟ್ಟೆ" ಎಂದಳು. ದಾನ ಮಾಡಿದವಳ ಹೆಮ್ಮೆ ಆ ದನಿಯಲ್ಲಿತ್ತು.

ಅಕ್ಕತಂಗಿಯರು ಬೆಳೆದದ್ದೇ ಹಾಗೆ. ಒಂದೇ ಬಾಚಣಿಗೆ, ಒಂದೇ ಕಂಬಳಿ. ಒಬ್ಬಳಿಗೆ ಕೆಮ್ಮು ಬಂದರೆ ಔಷಧಿಗೆ ಇಬ್ಬರೂ ಬಾಯಿ ತೆರೆಯುತ್ತಿದ್ದರು. ಮುಟ್ಟು ನಿಂತ ಮೇಲೆ ತಂಗಿಗೆ ಮೈ ಧಗಧಗ ಎನ್ನತೊಡಗಿದಾಗ ಅಕ್ಕ ತನ್ನ ಮಾತ್ರೆ ಹಂಚಿಕೊಂಡಳು. ತಂಗಿಯದು ಇಸ್ತ್ರಿ ಅಂಗಡಿ. ಮುಂದೆ ಕೆಂಡದಂಥ ಪೆಟ್ಟಿಗೆ, ಒಳಗೆ ತನ್ನದೇ ಕೆಂಡ. ಗಿರಾಕಿಯ ಅಂಗಿಯನ್ನು ಅರ್ಧಕ್ಕೆ ಬಿಟ್ಟು ನಲ್ಲಿಯ ಕೆಳಗೆ ತಲೆಯೊಡ್ಡುತ್ತಿದ್ದವಳು ಮಾತ್ರೆ ಶುರುವಾದ ಮೇಲೆ ಮನುಷ್ಯಳಾದಳು. ಕಣ್ತುಂಬ ನಿದ್ದೆ, ಮುಖದಲ್ಲಿ ನಗು. ಆಮೇಲೆ, ನಿಂತುಹೋಗಿದ್ದ ರಕ್ತ ಮತ್ತೆ ಕಾಣಿಸಿತು.

"ನಿಮಗೆ ಗರ್ಭಕೋಶ ತೆಗ್ದಿದಾರಾ?" ಡಾಕ್ಟರಮ್ಮ ಅಕ್ಕನನ್ನು ಕೇಳಿದರು.

"ಹೂಂ, ಆಗ್ಲೇ ಬಹಳ ವರ್ಷ ಆಯ್ತು."

"ಇವರಿಗೆ?"

"ಇಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದರಲ್ಲಿರೋದು ಒಂದೇ ಹಾರ್ಮೋನು. ಗರ್ಭಕೋಶ ಇಲ್ಲದವರಿಗೆ ಅಷ್ಟು ಸಾಕು. ಇರೋವರಿಗೆ ಇದನ್ನೇ ಕೊಟ್ರೆ ಒಳಪದರ ದಪ್ಪ ಆಗ್ತಾ ಹೋಗುತ್ತೆ. ಅದನ್ನ ತಡೆಯೋಕೆ ಜೊತೆಗೆ ಇನ್ನೊಂದು ಹಾರ್ಮೋನು ಬೇಕು. ಮುಟ್ಟು ನಿಂತ ಮೇಲೆ ರಕ್ತ ಬಂದ್ರೆ ಸುಮ್ನೆ ಇರಬಾರದಮ್ಮ. ಇದನ್ನ ಇವತ್ತೇ ನಿಲ್ಸಿ. ಸ್ಕ್ಯಾನ್ ಮಾಡಿ, ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ."

"ಕ್ಯಾನ್ಸರಾ?" ಕೇಳಿದ್ದು ತಂಗಿಯಲ್ಲ, ಅಕ್ಕ.

"ಪರೀಕ್ಷೆ ಆಗದೆ ಏನೂ ಹೇಳೋಕಾಗಲ್ಲ."

ಹೊರಗೆ ಬಂದಾಗ ಅಕ್ಕನ ಮುಖ ಸುಣ್ಣದಂತಾಗಿತ್ತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತಲ್ಲೇ" ಎಂದು ತಂಗಿ ನಗಿಸಲು ನೋಡಿದಳು. ಇಬ್ಬರಿಗೂ ನಗು ಬರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ತಂಗಿಗೆ ಸಿಟ್ಟು ನೆತ್ತಿಗೇರಿತ್ತು. ಕೊಟ್ಟವಳ ಮೇಲೆ ಎಷ್ಟೋ, ಕೇಳದೆ ನುಂಗಿದ ತನ್ನ ಮೇಲೂ ಅಷ್ಟೇ. ಚೂರು ತೆಗೆಸಿಕೊಳ್ಳಲು ಒಬ್ಬಳೇ ಹೋಗಿಬಂದಳು. ಅಕ್ಕನ ಫೋನು ಹೊಡೆದುಕೊಂಡರೆ ಇಸ್ತ್ರಿಪೆಟ್ಟಿಗೆಯನ್ನು ಇನ್ನಷ್ಟು ಜೋರಾಗಿ ಒತ್ತುತ್ತಿದ್ದಳು. ಯಾರದೋ ಮಗುವಿನ ಯೂನಿಫಾರಮ್ಮಿನ ಮೇಲೆ ಕೈ ನಿಂತುಬಿಡುತ್ತಿತ್ತು. ಸಾಯುವುದಕ್ಕೆ ಅವಳಿಗೆ ಭಯವಾಗಿತ್ತು. ಆ ಭಯದ ನಡುವೆಯೂ ನೆನಪಾಗುತ್ತಿದ್ದವಳು ಅಕ್ಕನೇ.

ವರದಿ ಬಂದಿತು. "ಕ್ಯಾನ್ಸರ್ ಅಲ್ಲ" ಎಂದರು ಡಾಕ್ಟರಮ್ಮ. "ಪದರ ದಪ್ಪ ಆಗಿದೆ. ಅದಕ್ಕೆ ಬೇರೆ ಮಾತ್ರೆ ಕೊಡ್ತೀನಿ, ಆಮೇಲೆ ಇನ್ನೊಮ್ಮೆ ನೋಡಬೇಕು. ಮೈ ಧಗಧಗ ಅನ್ನೋದಕ್ಕೂ ದಾರಿ ಇದೆ. ನಿಮ್ಮ ಬೀಪಿ, ಎದೆ, ಹಿಂದಿನ ಕಾಯಿಲೆ ಎಲ್ಲ ನೋಡ್ಕೊಂಡು, ನಿಮಗೆ ಹೊಂದೋದನ್ನ ನಿಧಾನವಾಗಿ ಯೋಚನೆ ಮಾಡೋಣ."

ತಂಗಿ ಅಂಗಡಿಗೆ ಹೋಗದೆ ನೇರ ಅಕ್ಕನ ಮನೆಗೆ ನಡೆದಳು. ಅಕ್ಕ ಟೇಬಲ್ ಫ್ಯಾನಿನ ಮುಂದೆ ನೆಲದ ಮೇಲೆ ಕೂತಿದ್ದಳು. ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು, ಕಣ್ಣಿನ ಸುತ್ತ ಕಪ್ಪು.

"ಆ ಕಾಯಿಲೆ ಅಲ್ವಂತೆ ಕಣಕ್ಕಾ."

ಅಕ್ಕ ಸೆರಗು ಬಾಯಿಗೊತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅಳು ನಿಂತರೂ ಬೆವರು ನಿಲ್ಲಲಿಲ್ಲ.

"ನೀನು ಮಾತ್ರೆ ತಗೋತಿಲ್ವಾ?"

"ನಿನ್ನನ್ನ ಆ ಗತಿಗೆ ತಂದು, ನಾನು ಯಾವ ಮುಖ ಇಟ್ಕೊಂಡು ತಗೊಳ್ಲೇ?"

"ಅಯ್ಯೋ ಹುಚ್ಚಿ, ಅದು ನಿಂದು. ನಿನ್ನ ಮೈ ನೋಡಿ ನಿನಗೆ ಅಂತ ಕೊಟ್ಟಿದ್ದು. ಬಿಡೋದಿದ್ರೂ ನಿನ್ನ ಡಾಕ್ಟ್ರನ್ನ ಕೇಳಿ ಬಿಡು."

ತಂಗಿ ಗೂಡಿನಲ್ಲಿದ್ದ ಸ್ಟ್ರಿಪ್ಪಿನಿಂದ ಒಂದೇ ಒಂದು ಮಾತ್ರೆ ಒತ್ತಿ ತೆಗೆದು ಅಕ್ಕನ ಅಂಗೈಯಲ್ಲಿಟ್ಟಳು. ನೀರು ತಂದುಕೊಟ್ಟು, ನುಂಗುವವರೆಗೂ ಅಲ್ಲೇ ನಿಂತಳು. ಅಷ್ಟರಲ್ಲಿ ಅವಳ ಕತ್ತಿನಿಂದಲೂ ಬಿಸಿ ಮೇಲೇರತೊಡಗಿತು. ಪಕ್ಕದಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಕ್ಕ ಫ್ಯಾನನ್ನು ತಂಗಿಯ ಕಡೆಗೆ ತಿರುಗಿಸಿದಳು.