ಗಾಲಿಗೆ ಕೊಟ್ಟ ಕಲ್ಲು

ನಾನು ಹುಟ್ಟಿದ ಕಾರ್ಖಾನೆಯ ನೆಲ ಪೂರ್ತಿ ಸಮತಟ್ಟಾಗಿತ್ತು. ಅದರ ಬೆಲೆ ಆಗ ನನಗೆ ತಿಳಿದಿರಲಿಲ್ಲ. ಚಾಸಿಯ ಮೇಲೆ ಎಂಜಿನ್ ಕೂರಿಸಿದರು, ನಾಲ್ಕು ಗಾಲಿ ತೊಡಿಸಿದರು, ಮೈಗೆ ಬಿಳಿ ಬಣ್ಣ ಹೊಡೆದರು. ಕೆಲಸಗಾರನೊಬ್ಬ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಗುಡುಗಿ ಎದ್ದೆ. ಒಂದೂವರೆ ಟನ್ ಹೊರುವ ಪಿಕಪ್ ನಾನು. ಎದ್ದ ಕ್ಷಣದಿಂದಲೇ ನನಗೆ ಎಲ್ಲಿಗಾದರೂ ಹೊರಟುಬಿಡಬೇಕು ಅನ್ನಿಸಿತ್ತು.

ಮೊದಲು ಹೋದದ್ದು ಸಂಡೂರಿನ ಗಣಿಗೆ. ಅಲ್ಲಿನ ಗುತ್ತಿಗೆದಾರನ ಮುಖ ನಾನು ಸರಿಯಾಗಿ ನೋಡಲೇ ಇಲ್ಲ, ಬೂಟು ಮಾತ್ರ ನೋಡಿದೆ. ಒಂದೂವರೆ ಟನ್ನಿನ ಮೈಮೇಲೆ ಎರಡೂವರೆ ಟನ್ ಹೇರುತ್ತಿದ್ದರು. ಕೆಂಪು ಧೂಳು ಏರ್ ಫಿಲ್ಟರ್ ತುಂಬಿ ಉಸಿರು ಕಟ್ಟುತ್ತಿತ್ತು. ಭಾರ ತಾಳುವ ಹಿಂದಿನ ಪಾಟಾ ಪಟ್ಟಿ ಎರಡು ಸಲ ಮುರಿಯಿತು. ಐದು ವರ್ಷದ ಮೇಲೆ ಗಣಿ ನಿಂತಿತು. ನನ್ನನ್ನು ಮಾರಿದರು.

ಕೊಂಡವನು ಗಾದಿಲಿಂಗಪ್ಪ. ಮದುವೆಗಳಿಗೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದ. ಅವನ ಮುಖ ನಾನು ಚೆನ್ನಾಗಿ ಬಲ್ಲೆ. ಕೊಳ್ಳುವ ಮೊದಲು ಅವನು ಅಂಗಾತ ಮಲಗಿ ನನ್ನ ಕೆಳಗೆ ತೂರಿ, ಒಂದೊಂದೇ ಬೋಲ್ಟ್ ಮುಟ್ಟಿ ನೋಡಿದ್ದ.

ಐದಾರು ವರ್ಷ ತೊಂದರೆಯಿಲ್ಲದೆ ಕಳೆಯಿತು. ಆಮೇಲೆ ಕೀಲಿ ತಿರುಗಿಸಿದರೆ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟರು ಸುಮ್ಮನೆ ಝರ್ ಎಂದು ಸುತ್ತತೊಡಗಿತು. ಎಂಜಿನ್ ಅಲುಗಾಡುತ್ತಿರಲಿಲ್ಲ. ಮೆಕ್ಯಾನಿಕ್ ಹುಸೇನಪ್ಪ ನನ್ನ ಅಡಿಗೆ ಇಳಿದ. ಗಾದಿಲಿಂಗಪ್ಪನ ಹೆಂಡತಿ ತ್ರಿವೇಣಿ ಟಾರ್ಚ್ ಹಿಡಿದು ನಿಂತಿದ್ದಳು. ಹೊಸದಾಗಿ ಮದುವೆಯಾಗಿ ಬಂದವಳು, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು.

"ಸೆಲ್ಫ್ ಚೆಂದಾಗೈತೆ ಗಾದಿಲಿಂಗ," ಎಂದ ಹುಸೇನಪ್ಪ. "ಹೋಗಿರೋದು ಒಳಗಿನ ರಿಂಗು. ಫ್ಲೈವೀಲ್ ಸುತ್ತ ಹಲ್ಲಿನ ರಿಂಗ್ ಇರ್ತೈತಲ್ಲ, ಅದು. ಎಂಜಿನ್ ನಿಂತಾಗ ಯಾವಾಗ್ಲೂ ಅದೇ ಎರಡು ಜಾಗಕ್ಕೆ ಬಂದು ನಿಲ್ತೈತೆ. ಸೆಲ್ಫು ಅಲ್ಲೇ ಕಚ್ಚಿ ಕಚ್ಚಿ ಹಲ್ಲು ಸವೆದಾವೆ."

"ಉಳಿದ ಹಲ್ಲು?" ತ್ರಿವೇಣಿ ಕೇಳಿದಳು.

"ಹೊಸವು ಇದ್ದಂಗೆ ಅದಾವೆ ನೋಡವ್ವ."

"ಎಷ್ಟಾಗ್ತೈತೆ ಮಾಮ?" ಎಂದ ಗಾದಿಲಿಂಗಪ್ಪ.

"ರಿಂಗಿಗೆ ಎರಡು ಸಾವಿರ. ಆದ್ರೆ ಗೇರ್‌ಬಾಕ್ಸ್ ಇಳಿಸ್ಬೇಕು. ಇಳಿಸಿದ ಮೇಲೆ ಹಳೇ ಕ್ಲಚ್ ಹಂಗೇ ಏರ್ಸಾಕ್ ಆಗಲ್ಲ. ಒಟ್ಟು ಹದಿನೈದು ಸಾವಿರ ಇಟ್ಕೊ."

ಗಾದಿಲಿಂಗಪ್ಪ ನಕ್ಕ. "ಸಂಡೂರಾಗ ಇಳಿಜಾರು ಪುಕ್ಕಟೆ ಸಿಗ್ತೈತೆ ಬಿಡು ಮಾಮ."

ಅಂದಿನಿಂದ ನನ್ನ ಬಾಳು ಓರೆಯಾಯಿತು. ಅವನು ನನ್ನನ್ನು ಎಲ್ಲಿ ನಿಲ್ಲಿಸಿದರೂ ಮೂತಿ ಕೆಳಗೆ, ಬಾಲ ಮೇಲೆ. ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲವಾಗಿತ್ತು. ಅದನ್ನೂ ಹಾಕಿಸದೆ ಗಣಿಯಿಂದ ಒಂದು ಅದಿರಿನ ಕಲ್ಲು ತಂದ. ತೆಂಗಿನಕಾಯಿಯಷ್ಟೇ ಗಾತ್ರ, ಎತ್ತಿದರೆ ಮಾತ್ರ ಕೈ ಜಗ್ಗುವ ಭಾರ. ನಿಲ್ಲಿಸಿದಾಗ ಅದನ್ನು ನನ್ನ ಮುಂದಿನ ಗಾಲಿಗೆ ಕೊಟ್ಟು, ಕಾಲಿನಿಂದ ಒಮ್ಮೆ ಒತ್ತಿ ನೋಡುವನು. ಹೊರಡುವಾಗ ಒದ್ದು ಪಕ್ಕಕ್ಕೆ ಸರಿಸಿ ನೆಗೆದು ಹತ್ತುವನು. ನಾನು ಉರುಳುವೆ, ಅವನು ಕ್ಲಚ್ ಬಿಡುವನು, ನಾನು ನಡುಗಿ ಎದ್ದು ಓಡುವೆ. ಆಮೇಲೆ ಯಾರಾದರೂ ಹಿಂದಿನಿಂದ ಕಲ್ಲು ತಂದುಕೊಡುವರು.

ಮದುವೆ ಮಂಟಪದವರು ಗೇಟಿನೊಳಗೆ ಬನ್ನಿ ಎಂದರೆ ಅವನು ಒಪ್ಪುತ್ತಿರಲಿಲ್ಲ. ನನ್ನನ್ನು ದೂರದ ದಿಬ್ಬದ ಮೇಲೆ ನಿಲ್ಲಿಸಿ, ಕೊಪ್ಪರಿಗೆಗಳನ್ನು ನೂರು ಗಜ ಹೊರಿಸುತ್ತಿದ್ದ.

"ಗಾಡಿಗೇನು ಮಡಿಯೇನೋ, ಹತ್ರ ಬರಲ್ಲ?" ಎಂದು ಅಡುಗೆಯವರು ಕಿಚಾಯಿಸುತ್ತಿದ್ದರು.

ಹಾಗೆ ಎಳೆದೆಬ್ಬಿಸಿದ ಏಟಿಗೆ ಎಂಜಿನ್ ಕೂತ ರಬ್ಬರುಗಳು ಹರಿದವು. ಗಾಲಿಗೆ ಬಲ ಮುಟ್ಟಿಸುವ ಶಾಫ್ಟಿನ ಕ್ರಾಸ್ ಕೀಲು ಎರಡು ಸಲ ಹೋಯಿತು. ಉಳಿಸಿದ ಹದಿನೈದು ಸಾವಿರ ಬೇರೆ ದಾರಿಯಲ್ಲಿ ಹೋಗಿತ್ತು. ನನಗೂ ನೆಮ್ಮದಿ ಇರಲಿಲ್ಲ. ಇಳಿಜಾರಿನಲ್ಲಿ ನಿಂತ ಗಾಡಿ ನಿಂತಂತೆ ಅಲ್ಲ. ಕಲ್ಲಿನ ಮೇಲೆ ಭಾರ ಹಾಕಿ ಇನ್ನೇನು ಉರುಳುತ್ತೇನೆ ಎಂದು ಕಾಯುತ್ತಿರುತ್ತದೆ.

ಭಾನುವಾರ ಬೆಳಿಗ್ಗೆ ನಿಂತುಹೋದ ಗಣಿಯ ರಸ್ತೆಯಲ್ಲಿ ಅವನು ತ್ರಿವೇಣಿಗೆ ಓಡಿಸಲು ಕಲಿಸಿದ. "ನಿಲ್ಸೋದು ಕಲಿ ಸಾಕು. ಹೊರಡ್ಸೋದು ಇಳಿಜಾರು ನೋಡ್ಕಂತೈತೆ," ಎನ್ನುತ್ತಿದ್ದ. ಅವಳು ಕಲ್ಲನ್ನು ಒದೆಯುತ್ತಿರಲಿಲ್ಲ. ನಾನು ಉರುಳದಂತೆ ಗೇರಿಗೆ ಹಾಕಿ, ಇಳಿದು, ಬಗ್ಗಿ ಎರಡೂ ಕೈಯಲ್ಲಿ ಎತ್ತಿ ಒಳಗಿಡುತ್ತಿದ್ದಳು.

ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ ಅವನು ಒಬ್ಬನೇ ಬಂದ. ಎದೆ ಒತ್ತಿಹಿಡಿದೇ ಓಡಿಸಿದ. ಆಸ್ಪತ್ರೆಯ ಪಕ್ಕದ ಇಳಿಜಾರು ಹುಡುಕಿ ನನ್ನನ್ನು ನಿಲ್ಲಿಸಿದ. ಅಷ್ಟು ನೋವಿನಲ್ಲೂ ಕಲ್ಲು ಕೊಟ್ಟು ಕಾಲಿನಿಂದ ಒತ್ತಿ ನೋಡಿದ. ಮೆಟ್ಟಿಲು ಹತ್ತಿ ಒಳಗೆ ಹೋದ.

ಹನ್ನೊಂದು ದಿನ ನಿಂತೆ. ಹತ್ತಿರ ಬಂದ ಪ್ರತಿ ಹೆಜ್ಜೆಗೂ, ಈಗ ಕಲ್ಲು ಒದೆಯುತ್ತಾನೆ ಎಂದುಕೊಂಡೆ.

ಹನ್ನೆರಡನೆಯ ದಿನ ತ್ರಿವೇಣಿ ಬಂದಳು. ಜೊತೆಗೆ ಗಾದಿಲಿಂಗಪ್ಪನ ಅಣ್ಣ ಷಣ್ಮುಖಪ್ಪ. ಅವಳು ಅಳಲಿಲ್ಲ. ಹತ್ತಿ ಗೇರಿಗೆ ಹಾಕಿ, ಇಳಿದು, ಬಗ್ಗಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದಳು, ಕೆಳಗಿಡುವುದನ್ನು ಮರೆತವಳಂತೆ ನಿಂತಳು.

"ಹದಿನೈದು ವರ್ಷ ತುಂಬೈತವ್ವ ಇದಕ್ಕ," ಎಂದ ಷಣ್ಮುಖಪ್ಪ. "ಎಫ್‌ಸಿ ಪಾಸಾಗಲ್ಲ. ಗುಜರಿಯವನು ತೂಕಕ್ಕೆ ಕೇಳಾಕತ್ಯಾನ. ಅವನೇ ಹೋದ ಮ್ಯಾಲ ಇದ್ಯಾಕ, ಕೊಟ್ಬಿಡು. ಪಾತ್ರೆ ಕುರ್ಚಿನೂ ಯಾರಾದ್ರೂ ತಗಂತಾರ. ನೀ ತವರಿಗೆ ಹೋಗಿ ಆರಾಮಿರು."

"ಒಂದ್ಸಲ ಪರೀಕ್ಷೆಗೆ ಒಯ್ತೀನಿ ಭಾವ. ಆಗದಿದ್ರೆ ನೀವು ಹೇಳ್ದಂಗೆ."

ಓಡಲು ಯೋಗ್ಯ ಎಂಬ ಆ ಸರ್ಟಿಫಿಕೇಟು ಸಿಕ್ಕರೆ ಐದು ವರ್ಷ ನಾನು ಓಡಬಹುದು, ಅವಳು ಅವನ ಕೆಲಸ ನಡೆಸಬಹುದು. ಇಲ್ಲದಿದ್ದರೆ ನನಗೆ ಗುಜರಿ, ಅವಳಿಗೆ ತವರು. ಅವಳು ಕೈಯಲ್ಲಿದ್ದ ಹಣವೆಲ್ಲ ಹಾಕಿ ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಲೈನರ್, ಒಂದು ಹೆಡ್‌ಲೈಟ್ ಹಾಕಿಸಿದಳು. ತುಕ್ಕಿಗೆ ಬಣ್ಣ ಹೊಡೆಸಿದಳು. ರಿಂಗಿಗೆ ಏನೂ ಉಳಿಯಲಿಲ್ಲ.

"ಅಲ್ಲಿ ಮಾತ್ರ ಎಂಜಿನ್ ಆಫ್ ಮಾಡ್ಬ್ಯಾಡ," ಎಂದ ಹುಸೇನಪ್ಪ.

ಹೊಸಪೇಟೆಯ ಸಾರಿಗೆ ಕಚೇರಿಯ ಮೈದಾನಕ್ಕೆ ಗಾಲಿ ಇಟ್ಟ ಕೂಡಲೇ ತಿಳಿಯಿತು. ಕಾರ್ಖಾನೆಯ ನೆಲದಂತೆ ಸಮತಟ್ಟು. ತ್ರಿವೇಣಿಯೂ ಸುತ್ತ ಕಣ್ಣಾಡಿಸಿ ನೋಡಿದಳು. ಎರಡು ತಾಸು ಸರದಿಯಲ್ಲಿ ನನ್ನನ್ನು ಆರಿಸದೆ ಕೂತಳು. ಶಾಖದ ಮುಳ್ಳು ಏರುತ್ತಲೇ ಇತ್ತು.

ಇನ್‌ಸ್ಪೆಕ್ಟರು ಬಂದರು. "ಆಫ್ ಮಾಡಮ್ಮ. ಎಂಜಿನ್ ನಂಬರ್ ನೋಡ್ಬೇಕು."

ಅವಳ ಕೈ ಕೀಲಿಯ ಮೇಲೆ ಒಂದು ಗಳಿಗೆ ತಡೆಯಿತು. ತಿರುಗಿಸಿದಳು. ನಾನು ನಿಂತೆ. ಅವರು ನಂಬರ್ ನೋಡಿದರು, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿ ಅಚ್ಚು ತೆಗೆದುಕೊಂಡರು.

"ಸರಿ, ಸ್ಟಾರ್ಟ್ ಮಾಡಿ. ಬ್ರೇಕ್ ನೋಡೋಣ."

ಝರ್. ಇನ್ನೊಮ್ಮೆ, ಝರ್. ಸವೆದ ಹಲ್ಲಿನ ಮೇಲೆ ಸೆಲ್ಫ್ ಜಾರುತ್ತಿತ್ತು. ನಮ್ಮ ಜೊತೆ ಬಂದು ಬೇವಿನ ಮರದಡಿ ನಿಂತಿದ್ದ ಷಣ್ಮುಖಪ್ಪ ಓಡಿಬಂದ. "ನೂಕಿದ್ರೆ ಬರ್ತೈತೆ ಸಾರ್, ದಿನಾ ಹಂಗೇ!"

ಇನ್‌ಸ್ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. "ನೂಕೋ ಗಾಡಿಗೆ ನಾನು ಎಫ್‌ಸಿ ಕೊಡ್ಲೇನಪ್ಪ?"

ನನಗೆ ಕೂಗಬೇಕೆನ್ನಿಸಿತು. ನಾಲ್ಕು ಬೆರಳು! ನನ್ನನ್ನು ನಾಲ್ಕು ಬೆರಳಿನಷ್ಟು ಸರಿಸಿದರೆ ಸಾಕು, ಒಳಗಿನ ರಿಂಗೂ ತಿರುಗಿ ಒಳ್ಳೆಯ ಹಲ್ಲು ಸೆಲ್ಫಿನ ಎದುರಿಗೆ ಬರುತ್ತದೆ. ಹಾರ್ನ್ ಕೂಡ ಯಾರಾದರೂ ಒತ್ತದೆ ಕೂಗುವುದಿಲ್ಲ.

ತ್ರಿವೇಣಿ ಕಣ್ಣು ಮುಚ್ಚಿ ಕೂತಿದ್ದಳು. ಟಾರ್ಚ್ ಹಿಡಿದು ನಿಂತ ದಿನ ನೆನಪಾಯಿತೋ ಏನೋ. ಗಾಲಿ ಸರಿದರೆ ಎಂಜಿನ್ನೂ ತಿರುಗುವಂತೆ ನನ್ನನ್ನು ಟಾಪ್ ಗೇರಿಗೆ ಹಾಕಿ ಕೆಳಗಿಳಿದಳು.

"ಭಾವ, ಹಿಂದ್ಗಡೆ ಬರ್ರಿ. ನಾಲ್ಕು ಬೆರಳು ಸರಿಬೇಕು, ಅಷ್ಟೇ."

"ನಾಲ್ಕು ಬೆರಳಿಗೆ ಏನಾಗ್ತೈತೆ?"

"ನೂಕ್ರಿ ಭಾವ."

ಅವಳು ಬಾಗಿಲ ಕಂಬಕ್ಕೆ ಭುಜ ಕೊಟ್ಟಳು. ನನ್ನನ್ನು ಗುಜರಿಗೆ ಕಳಿಸಬೇಕೆಂದಿದ್ದವನು ಹಿಂದಿನಿಂದ ತನ್ನ ಶಕ್ತಿಯೆಲ್ಲ ಹಾಕಿದ. ಫ್ಲೈವೀಲ್ ಒಳಗೆ ಮೆಲ್ಲಗೆ ಮಗ್ಗುಲು ಬದಲಿಸಿತು. ಅವಳು ಹತ್ತಿ, ನ್ಯೂಟ್ರಲ್ ಮಾಡಿ ಕೀಲಿ ತಿರುಗಿಸಿದಳು. ಸೆಲ್ಫ್ ಕಚ್ಚಿತು. ನಾನು ಎದ್ದೆ.

"ಏನ್ ಮಾಡಿದ್ರಿ?" ಎಂದರು ಇನ್‌ಸ್ಪೆಕ್ಟರು.

"ಒಂದು ಕಡೆ ಹಲ್ಲು ಸವೆದಿತ್ತು ಸಾರ್. ಜಾಗ ಬದಲಾಯಿಸಿದ್ವಿ."

ಅವರು ಬ್ರೇಕ್ ನೋಡಿದರು, ಹ್ಯಾಂಡ್‌ಬ್ರೇಕ್ ಎಳೆಸಿ ನೋಡಿದರು. "ಮೊದ್ಲು ಆ ರಿಂಗ್ ಹಾಕ್ಸಮ್ಮ," ಎಂದು ಸಹಿ ಮಾಡಿದರು. ಷಣ್ಮುಖಪ್ಪ ಮಣ್ಣಾದ ಅಂಗೈಗಳನ್ನು ನೋಡಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತ.

ಆ ವರ್ಷದ ಮದುವೆಗಳ ಸುಗ್ಗಿ ಮುಗಿದ ಮೇಲೆ ಅವಳು ರಿಂಗ್ ಹಾಕಿಸಿದಳು, ಕ್ಲಚ್ಚನ್ನೂ. ಈಗ ಪಾತ್ರೆಯ ಗೋದಾಮಿನ ಮುಂದೆ, ಸಮತಟ್ಟು ನೆಲದ ಮೇಲೆ ನಿಲ್ಲುತ್ತೇನೆ. ಐದರಲ್ಲಿ ನಾಲ್ಕು ವರ್ಷ ಕಳೆದಿವೆ. ತಳ ತುಕ್ಕು ಹಿಡಿದಿದೆ, ಹೊಗೆ ನೀಲಿಯಾಗಿದೆ. ಇನ್ನೊಂದು ಸಲ ಯಾರೂ ಸಹಿ ಹಾಕಲಿಕ್ಕಿಲ್ಲ. ಸಮ ನೆಲದಲ್ಲೂ ನನಗೆ ನಿದ್ದೆ ಬರುವುದಿಲ್ಲ. ಉರುಳುವ ಆಸೆ ಗಾಲಿಗಳಲ್ಲಿ ಹಾಗೇ ಉಳಿದಿದೆ.

ಸಂಜೆ ಕೆಲಸ ಮುಗಿಸಿ ಅವಳು ಹ್ಯಾಂಡ್‌ಬ್ರೇಕ್ ಎಳೆಯುತ್ತಾಳೆ. ಆಮೇಲೆ ಸೀಟಿನ ಕೆಳಗಿನಿಂದ ಅದಿರಿನ ಕಲ್ಲು ತೆಗೆದು ನನ್ನ ಮುಂದಿನ ಗಾಲಿಗೆ ಕೊಡುತ್ತಾಳೆ.

"ಈ ನೆಲದಾಗ ಅದು ಎಲ್ಲಿಗೆ ಹೋಗ್ತೈತವ್ವ?" ಎಂದು ಹುಸೇನಪ್ಪ ಒಮ್ಮೆ ನಕ್ಕಿದ್ದ.

"ಇರ್ಲಿ ಬಿಡು ಮಾಮ."

ಕಾಲಿನಿಂದ ಒಮ್ಮೆ ಒತ್ತಿ ನೋಡಿ ಒಳಗೆ ಹೋಗುತ್ತಾಳೆ. ನಾನು ಹೆಜ್ಜೆ ಸಪ್ಪಳ ಕೇಳುತ್ತ ನಿಂತಿರುತ್ತೇನೆ. ಬೆಳಿಗ್ಗೆ ಅವಳು ಬರುತ್ತಾಳೆ, ಬಗ್ಗುತ್ತಾಳೆ, ಕಲ್ಲನ್ನು ಎತ್ತುತ್ತಾಳೆ.