ಅಮರಪ್ಪ ನಂಬದ ಕುವೈತ್

ಶಹಾಪುರದ ಹತ್ತಿ ಬಜಾರಿನಲ್ಲಿ ತೂಕದ ಅಮರಪ್ಪನನ್ನು ಅರಿಯದವರಿಲ್ಲ. ಹತ್ತಿ ತುಂಬಿದ ದೊಡ್ಡ ಚೀಲ, ಅಂಡಿಗೆ, ತಕ್ಕಡಿಗೇರುವ ಮುಂಚೆ ಅವನು ಅದರೊಳಗೆ ಮೊಣಕೈವರೆಗೂ ತೋಳು ತೂರಿಸಿ, ಕಣ್ಣು ಮುಚ್ಚಿ, ತಡಕಾಡುತ್ತಿದ್ದ. ನೀರು ಹೊಡೆದು ತೂಕ ಏರಿಸಿದ ಹತ್ತಿ, ನಟ್ಟನಡುವೆ ಹುದುಗಿಸಿಟ್ಟ ಕಲ್ಲು, ಏನಿದ್ದರೂ ಆ ಕೈಗೆ ಸಿಗದೆ ಹೋಗುತ್ತಿರಲಿಲ್ಲ. ಇಡೀ ಹರೆಯ ಈ ಕೆಲಸದಲ್ಲೇ ಕಳೆದವನಿಗೆ ಜಗತ್ತೆಲ್ಲ ಕಲ್ಲಿಟ್ಟ ಅಂಡಿಗೆಯಂತೆ ಕಂಡರೆ ಅಚ್ಚರಿಯೇನು?

ಬಜಾರು ಮುಗಿದ ಮೇಲೆ ಬಸ್ ನಿಲ್ದಾಣದ ಎದುರಿನ ಶರೀಫಸಾಬನ ಹೊಟೇಲಿಗೆ ಬಂದು ಕೂಡುತ್ತಿದ್ದ. ಕಲಬುರ್ಗಿ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಶರೀಫಸಾಬ ಯಾರಿಗೂ ಕೊಡದೆ ಅವನಿಗಾಗಿ ಎತ್ತಿಟ್ಟಿರುತ್ತಿದ್ದ. ಅಮರಪ್ಪ ಒಂದೊಂದೇ ಸುದ್ದಿ ಓದಿ, ಕನ್ನಡಕ ಹಣೆಗೇರಿಸಿ, ಸುತ್ತ ಕೂತವರನ್ನು ನೋಡುತ್ತಿದ್ದ. ಹಮಾಲರು, ಬಸ್ಸು ಕಾಯುವ ರೈತರು, ಕಾಲುವೆ ಬಂದ ಮೇಲೆ ಭತ್ತಕ್ಕೆ ಬಿದ್ದ ಹಳ್ಳಿಯವರು, ಎಲ್ಲರೂ ಅವನು ಏನೆನ್ನುತ್ತಾನೋ ಎಂದು ಬಾಯಿ ತೆರೆದು ಕಾಯುತ್ತಿದ್ದರು.

"ಕಾಲುವಿ ನೀರು ಕೊನೀ ಹೊಲಕ್ಕೂ ಮುಟ್ಟೇದಂತ. ಮರಿಲಿಂಗಪ್ಪ, ನಿಂದು ಕೊನೀ ಹೊಲ ಅಲ್ಲೇನು? ಮುಟ್ಟೇದೇನು?"

"ಎಲ್ಲೀದ್ರಿ ಕಾಕಾ? ಪೇಪರಿನಾಗ ಹರದದ್ದು ನನ್ನ ಹೊಲಕ್ಕ ಹರೀಲಿಲ್ಲ," ಎಂದು ವಡಗೇರಾದ ಮರಿಲಿಂಗಪ್ಪ ಹೇಳಿದರೆ ಹೊಟೇಲಿಗೆ ಹೊಟೇಲೇ ನಗುತ್ತಿತ್ತು.

ಬರ್ಲಿನ್ ಗೋಡೆ ಬಿದ್ದ ಸುದ್ದಿ ಬಂದಾಗಲೂ ಹಾಗೆಯೇ. "ನಮ್ಮ ಬಸ್ ಸ್ಟ್ಯಾಂಡ್ ಮುಂದ ಅಡ್ಡ ಕಟ್ಟಿದ ಗ್ವಾಡಿ ಕೆಡವಾಕ ಇವರ ಕೈಲಿಂದ ಆಗವಲ್ಲದು. ಅಲ್ಲಿ ಮಂದಿ ಹಾಡಕೋಂತ ಬಂದು ಕೆಡವಿದರಂತ!" ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ದಿನವಂತೂ ಅವನು ಪತ್ರಿಕೆಯನ್ನು ಮಡಚಿ ತೊಡೆಗೆ ಬಡಿದಿದ್ದ. "ಹೊತ್ತು ಮುಳುಗಿ ಹೊತ್ತು ಹುಟ್ಟೂದ್ರೊಳಗ ಒಂದು ದೇಶ ನುಂಗಿದನಂತ! ದೇಶ ಏನು ಮುಕ್ಕಿ ತಿನ್ನೂ ಮಂಡಾಳ ಒಗ್ಗರಣಿ ಏನು? ಎಣ್ಣೀ ರೇಟು ಏರಸಾಕ ಹೂಡಿದ ಆಟ ಇದು." ಮಂದಿ ತಲೆದೂಗಿತು. ಸುಳ್ಳನ್ನು ಹಿಡಿದುಕೊಡುವವನ ಜೊತೆ ಕೂತವರಿಗೂ ತಾವು ಜಾಣರೆಂಬ ಸುಖ ಇರುತ್ತದೆ. ಆ ಸುಖವನ್ನು ಹಂಚುವವನಾಗಿ ಅಮರಪ್ಪ ವರ್ಷಗಟ್ಟಲೆ ರಾಜನಂತಿದ್ದ.

ಹತ್ತಿ ಬಿಡಿಸುವ ಕಾಲ ಶುರುವಾಗುವ ಹೊತ್ತಿಗೆ ಮನ್ಸೂರಅಲಿ ಬಂದ.

ಅವನು ಬಜಾರಿನ ಹಿಂದಿನ ಓಣಿಯ ಗೌಹರಬೇಗಂಳ ಮಗ. ಕುವೈತಿನಲ್ಲಿ ಶೇಖನೊಬ್ಬನ ದೊಡ್ಡ ಕಾರು ನಡೆಸುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಹೋಗುವಾಗ ಮೀಸೆ ಮೂಡದ ಹುಡುಗ. ಈಗ ಕೆನ್ನೆ ಒಳಗೆ ಹೋಗಿ, ತುಟಿ ಒಡೆದು, ಯಾರೋ ಕೊಟ್ಟ ದೊಗಲೆ ಕೋಟು ತೊಟ್ಟು ಬಸ್ಸಿಳಿದ. ಹೊಟೇಲಿಗೆ ಬಂದವನನ್ನು ಶರೀಫಸಾಬ ತಬ್ಬಿಕೊಂಡು ಅತ್ತ. ಅಮರಪ್ಪ ಆಗಷ್ಟೇ ಓದುತ್ತಿದ್ದ ಸುದ್ದಿಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕಾದ. ಕಾದೇ ಕಾದ. ಬೆಂಚಿನ ಮೇಲಿದ್ದ ಒಬ್ಬೊಬ್ಬರೂ ಎದ್ದು ಮನ್ಸೂರನ ಸುತ್ತ ನಿಂತರು. ಕೊನೆಗೆ ಮರಿಲಿಂಗಪ್ಪನೂ ಎದ್ದ.

"ಏನ್ ನೋಡಿದೆಪಾ, ಹೇಳು ಹೇಳು."

ಮನ್ಸೂರ ಹೇಳಿದ. ಬೀದಿಯಲ್ಲಿ ಸಾಲುಗಟ್ಟಿ ಬಂದ ಟ್ಯಾಂಕುಗಳು, ಒಡೆದ ಬಂಗಾರದ ಅಂಗಡಿಗಳು, ಬಂದೂಕಿನ ತುದಿಯಿಂದ ತನ್ನ ಕಾರಿನ ಗಾಜು ತಟ್ಟಿದ ಸಿಪಾಯಿ, ಗಡಿಯಲ್ಲಿ ಡೇರೆಗಳು, ಕೊನೆಗೆ ಮುಂಬೈಗೆ ಹಾರಿಸಿದ ವಿಮಾನ. ಚಾ ಆರಿತು, ಬಸ್ಸುಗಳು ಹೋದವು, ಒಬ್ಬರೂ ಅಲುಗಲಿಲ್ಲ. ಶರೀಫಸಾಬ ಮೊದಲ ಗ್ಲಾಸು ಚಾ ಮನ್ಸೂರನ ಮುಂದಿಟ್ಟ. ಅಮರಪ್ಪನಿಗೆ ಚಾ ಬಂತೋ ಇಲ್ಲವೋ ಎಂದು ಯಾರೂ ನೋಡಲಿಲ್ಲ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಪತ್ರಿಕೆ ಮಡಚಿದ್ದು ಮಡಚಿದಂತೆ ಬೆಂಚಿನ ಮೇಲೆ ಬಿದ್ದಿರುತ್ತಿತ್ತು. ಅಮರಪ್ಪನ ಎದೆಯೊಳಗೆ ಎಂಥದೋ ಉರಿ. ಅಜೀರ್ಣವೋ ಪಿತ್ತವೋ ಎಂದು ತಾನೇ ತನಗೆ ಹೇಳಿಕೊಂಡ. ಮನ್ಸೂರ ನಕ್ಕರೆ ಅವನ ಹಲ್ಲು ಸರಿಯಿಲ್ಲ ಅನ್ನಿಸುತ್ತಿತ್ತು, ಸುಮ್ಮನಿದ್ದರೆ ಸೊಕ್ಕು ಅನ್ನಿಸುತ್ತಿತ್ತು.

"ಅಲ್ಲೋ ತಮ್ಮಾ," ಎಂದು ಒಂದು ಸಂಜೆ ಕೇಳಿಯೇಬಿಟ್ಟ. "ಮೊನ್ನಿ ಸಿಪಾಯಿ ಎಡಗಡಿ ಗಾಜು ಬಡದ ಅಂದಿ. ಇವತ್ತು ಬಲಗಡಿ ಅಂತಿ. ಯಾವ ಗಾಜಪಾ?"

ಮನ್ಸೂರ ತಡವರಿಸಿದ. ಅಮರಪ್ಪನ ಜೀವಕ್ಕೆ ತಂಪಾಗುವಷ್ಟರಲ್ಲಿ ಮರಿಲಿಂಗಪ್ಪ ಅಡ್ಡ ಬಂದ. "ಬಿಡ್ರಿ ಕಾಕಾ! ಎದಿ ಮ್ಯಾಲ ಬಂದೂಕ ಇಟ್ಟಾಗ ಎಡಾ ಯಾವದು ಬಲಾ ಯಾವದು! ನೀ ಹೇಳೋ ಮನ್ಸೂರ."

ಮನೆಯಲ್ಲಿ ಊಟಕ್ಕೆ ಕೂತಾಗ ಅಮರಪ್ಪ ಆ ಗಾಜಿನ ವಿಷಯವನ್ನೇ ಹೆಂಡತಿ ದೇವಕಮ್ಮನ ಮುಂದೆ ತೆಗೆದ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. "ಸಾವಿನ ಬಾಯಾಗಿಂದ ಬಂದಾನ ಆ ಹುಡುಗ. ನಿಮಗ ಗಾಜಿನ ಚಿಂತಿ. ಹೊಟ್ಟಿಕಿಚ್ಚು ಅಂತಾರಿದಕ್ಕ."

"ನನಗ್ಯಾಕ ಹೊಟ್ಟಿಕಿಚ್ಚು? ಖರೇ ಯಾವದು ಸುಳ್ಳು ಯಾವದು ತಿಳೀಬಾರದೇನು ಮಂದಿಗೆ?"

"ತಿಳೀಲಿ ತಿಳೀಲಿ. ಮದಲು ರೊಟ್ಟಿ ಮುರೀರಿ, ಆರಾಕತ್ತಾವ."

ಸುರಪುರದಲ್ಲಿ ಒಬ್ಬ ವ್ಯಾಪಾರಿಯ ಹತ್ತಿ ತೂಗುವುದಕ್ಕೆ ಕರೆ ಬಂದಾಗ ಅಮರಪ್ಪ ಬೇಡವೆನ್ನಲಿಲ್ಲ. ಆ ಊರಿನ ಖಾಸಿಂಬೀ ಎಂಬವಳ ಗಂಡನೂ ಮನ್ಸೂರನ ಜೊತೆಗೇ ಕುವೈತಿನಿಂದ ಬಂದವನೆಂದು ಅವನ ಕಿವಿಗೆ ಬಿದ್ದಿತ್ತು. ತೂಕ ಮುಗಿಸಿ ಮನೆ ಕೇಳಿಕೊಂಡು ಹೋದ. ಗಂಡ ಯಾದಗಿರಿಗೆ ಹೋಗಿದ್ದ. ಖಾಸಿಂಬೀ ಬಾಗಿಲ ಮರೆಯಲ್ಲಿ ನಿಂತು ಮಾತಾಡಿದಳು. ಮನ್ಸೂರನ ಊರಿನವನು ಎಂದ ಕೂಡಲೇ ಅವಳ ದನಿ ಮೆತ್ತಗಾಯಿತು.

"ಪಾಪ ಮನ್ಸೂರ, ಆರಾಮ ಅದಾನೇನ್ರಿ ಅಣ್ಣಾ? ಭಾಳ ಕಷ್ಟ ಬಿದ್ದಾನ."

"ಶೇಖನ ಕಾರ ನಡಸ್ತಿದ್ದ, ಅವಂಗೇನು ಕಷ್ಟ ಬಿಡವ್ವಾ," ಎಂದು ಅಮರಪ್ಪ ಗಾಳ ಹಾಕಿದ.

"ಕಾರ? ಎಲ್ಲೀ ಕಾರ್ರಿ! ನಮ್ಮನಿಯವರು ಹೇಳ್ತಾರ, ಅವ ಶಹರದಾಗೇ ಇದ್ದಿಲ್ಲಂತ. ದೂರ ಮರಳನಾಗ ಕುರಿ ಕಾಯ್ತಿದ್ದನಂತ. ಗಡೀ ಹತ್ರ ಡೇರೇದಾಗ ಇವರಿಗೆ ಸಿಕ್ಕಾನ."

ಸಿಕ್ಕಿತು ಕಲ್ಲು! ಬಸ್ಸಿನ ಕಿಟಕಿಗೆ ಒರಗಿ ಕೂತ ಅಮರಪ್ಪನಿಗೆ ದಾರಿಯುದ್ದಕ್ಕೂ ಹಸಿರು ಭತ್ತದ ಮಡಿಗಳು, ಕಾಲುವೆಯ ಏರಿಯ ಮೇಲೆ ನಿಂತ ಕೊಕ್ಕರೆಗಳು, ಎಲ್ಲವೂ ತನಗಾಗಿಯೇ ಸಿಂಗಾರಗೊಂಡಂತೆ ಕಂಡವು. ಹೇಗೆ ಶುರುಮಾಡುವುದು, ಎಲ್ಲಿ ನಿಲ್ಲಿಸುವುದು, ಮರಿಲಿಂಗಪ್ಪನ ಕಡೆ ಯಾವಾಗ ತಿರುಗಿ ನೋಡುವುದು ಎಂದು ಊರು ಮುಟ್ಟುವವರೆಗೆ ಒಳಗೊಳಗೇ ಹೇಳಿ ನೋಡಿಕೊಂಡ.

ಮರುದಿನ ಸಂಜೆ ಹೊಟೇಲು ತುಂಬಿತ್ತು. ಮನ್ಸೂರ ಟ್ಯಾಂಕಿನ ಕತೆಗೆ ಬಂದಿದ್ದ. ಅಮರಪ್ಪ ಮೆಲ್ಲಗೆ ಕೇಳಿದ. "ತಮ್ಮಾ, ಟ್ಯಾಂಕು ಬಂದಾಗ ನಿನ್ನ ಕುರಿ ಎಲ್ಲಿದ್ದವಪಾ?"

ಅಮರಪ್ಪ ಮಂದಿಯ ಕಡೆ ತಿರುಗಿದ.

"ಕಾರ ಇಲ್ಲ, ಶೇಖ ಇಲ್ಲ, ಸಿಪಾಯಿ ಇಲ್ಲ. ಮರಳನಾಗ ಕುರಿ ಕಾಯ್ಕೋಂತ ಇದ್ದ ಇವ. ಸುರಪುರದಾಗ ಕೇಳಿ ಬಂದೇನಿ. ಇಷ್ಟು ದಿನ ನೀವು ಕೇಳಿದ್ದೆಲ್ಲ ಗಾಳಿ. ನಾ ಅಂದಿದ್ದಿಲ್ಲೇನು?"

ಮನ್ಸೂರ ಅಲ್ಲವೆನ್ನಲಿಲ್ಲ. ಅರ್ಧ ಕುಡಿದ ಗ್ಲಾಸು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಎದ್ದುಹೋದ. ಅಮರಪ್ಪ ಪತ್ರಿಕೆ ಬಿಚ್ಚಿ ಗಂಟಲು ಸರಿಮಾಡಿಕೊಂಡ. ದಿಲ್ಲಿಯ ಸರ್ಕಾರ ಅಲುಗಾಡುವ ಸುದ್ದಿ ಇತ್ತು. ಅದರ ಮೇಲೆ ಒಳ್ಳೆಯ ಮಾತೊಂದನ್ನು ಹೇಳಿದ. ಇಬ್ಬರು ಮಾತ್ರ ನಕ್ಕರು.

ತನ್ನ ರಾಜ್ಯ ತನಗೆ ಮರಳಿತೆಂದುಕೊಂಡವನಿಗೆ ಕೆಲವೇ ದಿನಗಳಲ್ಲಿ ಬೇರೆ ಸತ್ಯ ತಿಳಿಯಿತು. ಬೆಂಚುಗಳು ಖಾಲಿಯಾಗುತ್ತ ಬಂದವು. ಕೇಳಿದರೆ ಶರೀಫಸಾಬ ಗ್ಲಾಸು ತೊಳೆಯುತ್ತಲೇ ಹೇಳಿದ. "ಖಲೀಲನ ಸೈಕಲ್ ಅಂಗಡಿ ಮುಂದ ಕೂಡಾಕತ್ತಾರ. ಮನ್ಸೂರ ಅಲ್ಲಿ ಪಂಕ್ಚರ್ ಹಾಕಾಕ ನಿಂತಾನಲ್ಲ."

"ಸುಳ್ಳ ಅಂತ ಗೊತ್ತಾದ ಮ್ಯಾಲೂ?"

"ಸುಳ್ಳ ಇದ್ರ ಇರ್ಲಿ, ಛಂದ ಹೇಳ್ತಾನಲ್ಲ."

ಮರಿಲಿಂಗಪ್ಪ ಸಿಕ್ಕಾಗ ಅಮರಪ್ಪ ಅವನನ್ನೂ ತರಾಟೆಗೆ ತೆಗೆದುಕೊಂಡ. ಅವನು ತಲೆ ಕೆರೆದುಕೊಂಡು ನಾಚುತ್ತ ಹೇಳಿದ. "ಸಿಟ್ಟಾಗಬ್ಯಾಡ್ರಿ ಕಾಕಾ. ನೀವು ಪೇಪರ್ ಬಿಚ್ಚೂಕಿಂತ ಮದಲೇ ನಮಗ ಗೊತ್ತಿರತದ, ಸುಳ್ಳ ಅಂತೀರಿ ಅಂತ. ಅವ ಬಾಯಿ ತೆರದ್ರ ಏನ್ ಬರ್ತದೋ ಗೊತ್ತಿರಂಗಿಲ್ಲ."

ಆ ಮಾತು ಬಾಯಿ ಹುಣ್ಣಿಗೆ ಖಾರ ತಾಗಿದಂತೆ ತಾಗಿತು. ಗೆದ್ದ ಮೇಲೂ ಸೋತವನ ಮತ್ಸರಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಬಜಾರಿನಲ್ಲಿ ತೂಗುವಾಗ ಅವನ ಮನಸ್ಸು ಸೈಕಲ್ ಅಂಗಡಿಯಲ್ಲಿರುತ್ತಿತ್ತು. ಈಗ ಏನು ಹೇಳುತ್ತಿರಬಹುದು? ಯಾರು ನಗುತ್ತಿರಬಹುದು? ಒಂದು ಸಂಜೆ ಚಪ್ಪಲಿ ಹೊಲಿಸುವ ನೆಪ ಮಾಡಿ ಆ ಕಡೆ ಹೋಗಿ, ಅಂಗಡಿಯ ಪಕ್ಕದ ಬೇವಿನ ಮರದ ಹಿಂದೆ ನಿಂತ.

ಮಂದಿ ಇತ್ತು. ಆದರೆ ಮನ್ಸೂರ ಟ್ಯಾಂಕಿನ ಸುದ್ದಿ ಹೇಳುತ್ತಿರಲಿಲ್ಲ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದುತ್ತ, ತಲೆ ಎತ್ತದೆ ಮಾತಾಡುತ್ತಿದ್ದ.

"ಟ್ಯಾಂಕು ನಾ ನೋಡಿಲ್ರಿ. ಅದೆಲ್ಲ ಡೇರೇದಾಗ ಬ್ಯಾರೇದವರು ಹೇಳಿದ್ದು. ಕುರಿ ಕಾಯಾಕ ಸಮುದ್ರ ದಾಟಿ ಹೋಗಿದ್ದೇನು ಅಂತ ನೀವು ನಗ್ತೀರಿ ಅಂತ ನಂದೇ ಕತಿ ಅಂತ ಮಾಡಿ ಹೇಳಿದೆ. ಅಮ್ಮಾಗೂ ಕಾರ ಅಂತನ ಹೇಳಿದ್ದೆ."

"ಮತ್ತ ಖರೇ ಏನಾತು?"

"ಮಾಲಕ ಒಂದಿನ ಬಂದು, ಹೆಂಡ್ತಿ ಮಕ್ಕಳನ್ನ ಗಾಡ್ಯಾಗ ತುಂಬಕೊಂಡು ಹೋದ. ನನಗ ಏನೂ ಹೇಳಲಿಲ್ಲ. ಯುದ್ಧ ಅಂತಾನೂ ಗೊತ್ತಿಲ್ಲ ನನಗ. ಮಶೀನ ಹಚ್ಚಿ ಬಾವಿ ನೀರು ಎತ್ತಿ ಕುರಿಗೆ ಹಾಕ್ತಿದ್ದೆ. ಡೀಜಲ್ ತೀರಿತು. ಹಗ್ಗ ಕಟ್ಟಿ ಬಕೇಟಲೆ ಸೇದಿದೆ. ಎಷ್ಟಂತ ಸೇದ್ಲಿ? ಸಾಯಾಕ ಹತ್ತಿದವು. ಕಡೀಕ ಕುರಿದೊಡ್ಡಿ ಬಾಗಲಾ ತೆಗದು, ಹೋಗ್ರಿ ಅಂದೆ. ಹೋಗಲಿಲ್ಲ. ನಾ ರಸ್ತಾ ಕಡಿ ನಡದ್ರ ನನ್ನ ಹಿಂದ ಬಂದವು." ಮನ್ಸೂರ ಟ್ಯೂಬು ಹಿಂಡಿದ. "ಲಾರಿ ಒಂದು ಬಂದು ನಿಂತಿತು. ಮಂದಿ ನನ್ನ ಎಳದು ಹತ್ತಿಸಿಕೊಂಡರು. ಕುರಿ ಲಾರಿ ಹಿಂದ ಓಡಿದವು. ನಾ ಅವಕ್ಕ ಕಲ್ಲು ಒಗದೆ, ಹಿಂದ ಹೋಗ್ಲಿ ಅಂತ."

ಮರದ ಹಿಂದಿದ್ದ ಅಮರಪ್ಪ ಎಂದಿನಂತೆ ಆ ಮಾತಿನೊಳಗೆ ತಡಕಾಡಿದ. ಆಚೆ ಈಚೆ, ಮೇಲೆ ಕೆಳಗೆ. ಏನೂ ಸಿಗಲಿಲ್ಲ. ನಂಬಿಕೆ ಬಂದದ್ದಷ್ಟೇ ಅಲ್ಲ, ಹಿಂದೆಂದೂ ಆಗದಷ್ಟು ಅಸೂಯೆಯಾಯಿತು. ಜಗತ್ತಿನ ಸುದ್ದಿಯನ್ನೆಲ್ಲ ಓದಿದ ತನಗೆ ಜಗತ್ತಿನಲ್ಲಿ ಏನೂ ಸಂಭವಿಸಿರಲಿಲ್ಲ. ಒಂದು ಕುರಿಯೂ ತನ್ನ ಹಿಂದೆ ನಡೆದು ಬಂದಿರಲಿಲ್ಲ. ಕಷ್ಟಪಟ್ಟವನ ಕಷ್ಟದ ಮೇಲೂ ಹೊಟ್ಟೆಕಿಚ್ಚೇ ಎಂದು ತನಗೆ ತಾನೇ ಛೀ ಎಂದುಕೊಂಡ. ಆದರೂ ಅದು ಹೋಗಲಿಲ್ಲ.

ಅಷ್ಟರಲ್ಲಿ ಮರಿಲಿಂಗಪ್ಪ ಉಗುಳಲೆಂದು ಮರದ ಕಡೆ ಬಂದವನು ಅವನನ್ನು ಕಂಡ. "ಅರೇ, ಕಾಕಾ ಇಲ್ಲೇ ಅದಾರಲ್ಲ! ಬರ್ರಿ ಬರ್ರಿ. ಕೇಳಿದ್ರೇನು? ನೀವೇ ಹೇಳಿಬಿಡ್ರಿ, ಇದಾರ ಖರೇನೋ, ಇದೂ ಸುಳ್ಳೋ?"

ಎಲ್ಲರೂ ತಿರುಗಿದರು. ಎಷ್ಟೋ ದಿನಗಳ ಮೇಲೆ ಆ ಕಣ್ಣುಗಳೆಲ್ಲ ಮತ್ತೆ ಅಮರಪ್ಪನ ಮೇಲಿದ್ದವು. ಮನ್ಸೂರನೂ ಮೊದಲ ಸಲ ತಲೆ ಎತ್ತಿ ನೋಡಿದ. ಒಮ್ಮೆ ಸುಳ್ಳು ಹೇಳಿದವನನ್ನು ಇನ್ನೊಮ್ಮೆ ಸುಳ್ಳನೆನ್ನುವುದು ಎಷ್ಟರ ಕೆಲಸ? ಒಂದು ಮಾತು ಸಾಕಿತ್ತು. ಆ ಮಾತು ಅಮರಪ್ಪನ ನಾಲಿಗೆಯ ತುದಿಗೂ ಬಂದಿತ್ತು.

"ಖರೇ ಅದ," ಎಂದ.

"ಹ್ಯಾಂಗ ಹೇಳ್ತೀರಿ?"

"ಸುಳ್ಳ ಹೇಳಾವ ತನ್ನ ದೊಡ್ಡಾವನ್ನ ಮಾಡ್ಕೊಂಡು ಹೇಳ್ತಾನ. ಇವ ಕುರಿಗೆ ಕಲ್ಲು ಒಗದೆ ಅಂದ. ಅದನ್ನ ಯಾವ ಮಗಾ ಕಟ್ಟಿ ಹೇಳ್ತಾನ?" ಎಂದವನೇ ಅಮರಪ್ಪ ಚಪ್ಪಲಿ ಹೊಲಿಸುವುದನ್ನೂ ಮರೆತು ಮನೆಗೆ ನಡೆದ. ಹಿಂದಿನಿಂದ ಮಂದಿ ಮನ್ಸೂರನನ್ನು ಮತ್ತಷ್ಟು ಮುತ್ತಿಕೊಳ್ಳುವ ಗದ್ದಲ ಕೇಳಿಸಿತು. ತಾನೇ ಕೈಯಾರೆ ಕೊಟ್ಟು ಬಂದದ್ದು ಅದು.

ಮರುದಿನ ಮನ್ಸೂರ ಹೊಟೇಲಿಗೆ ತಾನಾಗಿ ಬಂದು ಅಮರಪ್ಪನ ಎದುರಿಗೆ ಕೂತ.

"ಕಾಕಾ, ನಿಮ್ಮ ಮ್ಯಾಲ ನನಗ ಸಿಟ್ಟದರಿ. ಅಮ್ಮಾ ಮೂರು ಹೊತ್ತೂ ಅಳಾಕತ್ಯಾಳ, ಕುರಿ ಕಾಯ್ದಿ ಅಂತ."

"ನನಗೂ ನಿನ್ನ ಮ್ಯಾಲ ಅದ," ಎಂದ ಅಮರಪ್ಪ. ಯಾಕೆಂದು ಮನ್ಸೂರ ಕೇಳಲಿಲ್ಲ, ಇವನು ಹೇಳಲೂ ಇಲ್ಲ. ಶರೀಫಸಾಬ ಇಬ್ಬರ ಮುಂದೆಯೂ ಒಟ್ಟಿಗೇ ಚಾ ಇಟ್ಟ.

ಜನವರಿಯಲ್ಲಿ ಬಾಂಬು ಬೀಳಲು ಶುರುವಾದಾಗ ಹೊಟೇಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮರಪ್ಪ ಓದುತ್ತಿದ್ದ, ಊರಿನ ಹೆಸರು ಬಂದಲ್ಲಿ ನಿಲ್ಲಿಸುತ್ತಿದ್ದ. ಅದು ಎಲ್ಲಿದೆ, ಅಲ್ಲಿಗೆ ರಸ್ತೆ ಹೇಗಿದೆ ಎಂದು ಮನ್ಸೂರ ಹೇಳುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುತ್ತಿದ್ದ. ಸುದ್ದಿಯಲ್ಲಿ ಎಷ್ಟು ನಂಬಬಹುದು ಎಂದು ಮಂದಿ ಕೇಳಿದರೆ ಅಮರಪ್ಪ ಈಗ ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕುತ್ತಿರಲಿಲ್ಲ. ಒಂದೊಂದನ್ನೂ ಎರಡೆರಡು ಸಲ ಓದುತ್ತಿದ್ದ.

ಆದರೆ ಮನ್ಸೂರ ಬಾಯಿ ತೆರೆದ ಕೂಡಲೇ ಎಲ್ಲರ ಕುತ್ತಿಗೆಗಳು ಆ ಕಡೆ ಹೊರಳುತ್ತಿದ್ದವಲ್ಲ, ಆಗ ಅವನ ಪಕ್ಕೆಯೊಳಗೆ ಈಗಲೂ ಯಾರೋ ಚಿವುಟಿದಂತಾಗುತ್ತಿತ್ತು. ತುಸು ಹೊತ್ತು ತಾಳಿಕೊಳ್ಳುತ್ತಿದ್ದ. ಆಮೇಲೆ ಪುಟವನ್ನು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಬರುವಂತೆ ಮಗುಚಿ, "ಹೂಂ, ಮುಂದ ಕೇಳ್ರಿ," ಎನ್ನುತ್ತಿದ್ದ.