ಕನ್ನಡದಲ್ಲಿ ಬಂದ ಔಷಧಿ ಕಾರ್ಡು

ಅಂಚೆಯವನು ನಾಗಪುರದ ಹತ್ತಿರದ ಕೋರಾಡಿಯ ಒಂದು ಬಾಡಿಗೆ ಮನೆಗೆ ಒಂದು ಲಕೋಟೆ ಕೊಟ್ಟುಹೋದ. ಒಳಗೆ ಎಟಿಎಂ ಕಾರ್ಡಿನಂಥದೇ ಒಂದು ಪ್ಲಾಸ್ಟಿಕ್ ಕಾರ್ಡು, ಜೊತೆಗೊಂದು ಕಾಗದ. ಕಾಗದ ಕನ್ನಡದಲ್ಲಿತ್ತು. ಬಸವಣ್ಣೆವ್ವ ನಿಂತಲ್ಲೇ ಓದಿದಳು. ಫೋನ್ ಮಾಡಿ ಕಾರ್ಡು ಚಾಲೂ ಮಾಡಿಸಿಕೊಂಡರೆ ಯಾವ ಮೆಡಿಕಲ್ ಅಂಗಡಿಯಲ್ಲಾದರೂ ಔಷಧಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ ಎಂದಿತ್ತು. ಮೇಲೆ ಗಂಡನ ಹೆಸರು, ಅದರ ಕೆಳಗೆ ಊರಿನ ಹೆಸರು: ಇಂಡಿ.

"ನೋಡ್ರಿ, ನಮ್ಮ ಊರು ಸುದ್ದಾ ಬರದಾರ," ಎಂದಳು.

ಗಂಡ ಗುರುಶಾಂತಪ್ಪ ನಾಗಪುರದ ಇತವಾರಿಯಲ್ಲಿ ಬಟ್ಟೆ ಅಂಗಡಿಯ ಗುಮಾಸ್ತನಾಗಿದ್ದವನು. ಈಗ ಮನೆಯಲ್ಲಿದ್ದಾನೆ. ಹೋದ ಚಳಿಗಾಲದಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡಿದ್ದ. ರಕ್ತ ಹೆಪ್ಪುಗಟ್ಟದಿರಲು ಗುಳಿಗೆ ಬರೆದುಕೊಟ್ಟ ಡಾಕ್ಟರು, ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು. ಆ ಗುಳಿಗೆ ಮುಗಿಯುತ್ತ ಬಂದಿತ್ತು. ಮಗ ಸಿದ್ದೇಶನದು ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ. ಅಪ್ಪನ ಔಷಧಿಯ ಖರ್ಚಿಗೆ ಮಗನ ಸಂಬಳ ಸಾಲುತ್ತಿಲ್ಲ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಸೊಸೆ ಶೀತಲ್ ಕಾರ್ಡನ್ನು ತಿರುವಿ ನೋಡಿದಳು. ಅವಳು ನಾಗಪುರದಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಓದಲು ಬಾರದು.

"ಅತ್ತಿ, ನಾವು ಕೇಳದ ಕಾರ್ಡ್ ಅವರ್ಯಾಕ ಕಳಿಸ್ಯಾರ? ಮೊದ್ಲು ಮೆಡಿಕಲ್‌ದವರಿಗೆ ತೋರಿಸೋಣ್ರಿ."

"ಚಾಲೂ ಆಗೂತನಕ ಯಾರಿಗೂ ತೋರಿಸಬ್ಯಾಡ್ರಿ ಅಂತ ಬರದಾರ. ನಿನಗ ಓದಾಕ ಬರಂಗಿಲ್ಲ, ನನಗ ಬುದ್ಧಿ ಹೇಳ್ತಿ."

"ಓದಾಕ ಬರಂಗಿಲ್ಲ, ಖರೆ. ವಿಚಾರ ಮಾಡಾಕ ಬರ್ತೈತಿ."

"ಈ ಊರಿಗೆ ಬಂದಾಗಿಂದ ನೋಡೀನಿ. ಲೈಟ್ ಬಿಲ್ ಮರಾಠಿ, ಬ್ಯಾಂಕಿಂದು ಹಿಂದಿ, ದವಾಖಾನಿದು ಇಂಗ್ಲಿಷ್. ಒಬ್ಬರಾದ್ರೂ ನಮಗ ಕನ್ನಡದಾಗ ಕಾಗದ ಹಾಕ್ಯಾರೇನ? ಹಾಕಿದವರು ನಮ್ಮವರೇ ಇರಬೇಕು."

ಆ ಸಂಜೆಯೇ ಬಸವಣ್ಣೆವ್ವ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಅತ್ತ ಕಡೆಯವನು ಚೆನ್ನಾಗಿ ಕನ್ನಡ ಮಾತಾಡಿದ. ಆಧಾರ್ ನಂಬರ್ ಕೇಳಿದ. ರಿಯಾಯಿತಿಯ ಹಣ ಖಾತೆಗೆ ಹಾಕಬೇಕೆಂದು ಎಟಿಎಂ ಕಾರ್ಡಿನ ನಂಬರೂ ಕೇಳಿದ. ಎಲ್ಲ ಹೇಳಿದಳು. "ಸರ್ವರ್ ಬಂದ್ ಐತ್ರಿ ಅವ್ವಾರ, ನಾಳೆ ಚಾಲೂ ಮಾಡ್ತೀನಿ," ಎಂದ. ಮರುದಿನವೂ, ಅದರ ಮರುದಿನವೂ ಅದೇ ಮಾತು.

ಅಲ್ಲಿಂದ ಆ ಮನೆಗೆ ನೆಮ್ಮದಿ ಇಲ್ಲವಾಯಿತು. ರೊಟ್ಟಿ ಬಡಿಯುವಾಗಲೂ ಬಸವಣ್ಣೆವ್ವನ ಕಣ್ಣು ಫೋನಿನ ಮೇಲೆ. ಹಿಟ್ಟಿನ ಕೈಯಲ್ಲೇ ಎತ್ತಿ ನೋಡಿ ಇಡುತ್ತಿದ್ದಳು. ಗುಳಿಗೆ ತರುತ್ತೇನೆಂದು ಸಿದ್ದೇಶ ಹೊರಟರೆ, "ತಡಿಯೋ, ಇಷ್ಟು ದಿನ ಕಾದೇವಿ," ಎಂದು ತಡೆಯುತ್ತಿದ್ದಳು. ಗುರುಶಾಂತಪ್ಪ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದ. ಕೂರು ಎಂದರೆ ಕೂರುತ್ತಿರಲಿಲ್ಲ.

ಮಾವನ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಶೀತಲ್‌ಗೆ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಅರ್ಧ ಅರ್ಧ ಮಾಡಿದ ಗುಳಿಗೆ.

"ಮಾವಾರ, ಇದೇನ್ರಿ?"

"ಕಾರ್ಡ್ ಚಾಲೂ ಆಗೂತನಕ ಅರ್ಧಾ ಅರ್ಧಾ ನುಂಗಾಕತ್ತೀನಿ. ಸಿದ್ದನ ಮುಂದ ಹೇಳಬ್ಯಾಡ."

"ಎದಿ ಹೆಂಗೈತ್ರಿ?"

"ಐತಿ ಬಿಡು," ಎಂದ. ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯುತ್ತಿದೆ ಎಂದು ಹೇಳಲಿಲ್ಲ. ಆದರೆ ಅವನು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದನ್ನು ಶೀತಲ್ ನೋಡಿದ್ದಳು.

ಅವಳು ನೇರ ಮಹಡಿಗೆ ಹೋದಳು. ಮೇಲಿನ ಮನೆಯಲ್ಲಿ ವಿಮಲಾ ಇದ್ದಾಳೆ, ಕೊಡಗಿನವಳು, ನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡ ಉತ್ತಪ್ಪ ವಾಯುಸೇನೆಯಿಂದ ನಿವೃತ್ತನಾಗಿ ಸ್ಥಾವರದ ಕಾವಲು ವಿಭಾಗದಲ್ಲಿದ್ದಾನೆ. ವಿಮಲಾ ಕೆಳಗೆ ಬಂದು ಪೊಟ್ಟಣ ನೋಡಿದಳು.

"ಅಂಕಲ್, ಇದು ಅರ್ಧ ಮಾಡೋ ಮಾತ್ರೆ ಅಲ್ಲ. ಸ್ಟೆಂಟಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಆಸ್ಪತ್ರೆಗೆ ಹೋಗೋಷ್ಟೂ ಟೈಮ್ ಇರಲ್ಲ."

ಬಸವಣ್ಣೆವ್ವ ಗಂಡನನ್ನು ನೋಡಿದಳು. "ನನಗ್ಯಾಕ ಹೇಳಲಿಲ್ಲ?"

"ನೀನು ಆ ಕಾರ್ಡಿನ ಜೋಡಿ ಮಾತಾಡಾಕತ್ತಿದ್ದಿ," ಎಂದ ಗುರುಶಾಂತಪ್ಪ.

"ನಮಗೂ ಇಂಥದೇ ಬಂದಿದೆ ಅಮ್ಮ," ಎಂದಳು ವಿಮಲಾ. "ಅದರಲ್ಲಿ ನಮ್ಮ ಮಡಿಕೇರಿ ಹೆಸರಿದೆ. ಬಸವ ಜಯಂತಿ ಊಟಕ್ಕೆ ಅಂತ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಲ್ಲಿ ಎಲ್ಲರೂ ಹೆಸರು, ಊರು, ವಿಳಾಸ, ಫೋನು ಹಾಕಿದ್ವಲ್ಲ. ಅದು ಯಾರ ಕೈಗೆ ಹೋಯ್ತೋ ಯಾರಿಗೆ ಗೊತ್ತು."

"ಹಂಗಾದ್ರ ಎಲ್ಲಾ ಕಾರ್ಡೂ ಸುಳ್ಳಂತೀಯೇನ?" ಎಂದಳು ಬಸವಣ್ಣೆವ್ವ.

"ಎಲ್ಲಾ ಸುಳ್ಳಲ್ಲ. ಕೆಲವು ಅಂಗಡಿ, ಆಸ್ಪತ್ರೆಯವರು ನಿಜವಾಗ್ಲೂ ಕೊಡ್ತಾರೆ. ಅಂಥದನ್ನ ಅಂಗಡೀಲೇ ಹೋಗಿ ಕೇಳ್ಬಹುದು. ಇವನು ಯಾಕೆ ತೋರಿಸಬೇಡಿ ಅಂತಾನೆ?"

ಅಷ್ಟರಲ್ಲಿ ಫೋನ್ ಬಂತು. ಅವನೇ. ವಿಮಲಾ ಸ್ಪೀಕರ್ ಹಾಕಿಸಿದಳು.

"ಅವ್ವಾರ, ಸರ್ವರ್ ಚಾಲೂ ಆತ್ರಿ."

"ಕೋರಾಡಿಯಲ್ಲಿ ಯಾವ ಅಂಗಡಿಯಲ್ಲಿ ಈ ಕಾರ್ಡ್ ನಡೆಯುತ್ತೆ?" ವಿಮಲಾ ಕೇಳಿದಳು.

"ಎಲ್ಲಾ ಕಡೆ ನಡೀತೈತ್ರಿ."

"ಒಂದರ ಹೆಸರು ಹೇಳಿ."

"ಚಾಲೂ ಆದ ಮ್ಯಾಲೆ ಮೆಸೇಜ್ ಬರ್ತೈತ್ರಿ. ಈಗ ಮೊಬೈಲಿಗೆ ಒಂದು ನಂಬರ್ ಬಂದೈತಿ ನೋಡ್ರಿ ಅವ್ವಾರ. ಜಲ್ದಿ ಹೇಳ್ರಿ, ಇಲ್ಲಂದ್ರ ಕಾರ್ಡ್ ರದ್ದಾಗ್ತೈತಿ."

ಬಸವಣ್ಣೆವ್ವನಿಗೆ ಗಡಿಬಿಡಿಯಾಯಿತು. ರದ್ದಾಗುತ್ತದೆ ಎಂಬುದೊಂದೇ ಅವಳ ಕಿವಿಯಲ್ಲಿ ಉಳಿಯಿತು. ಮೆಸೇಜು ಹಿಂದಿಯಲ್ಲಿತ್ತು, ಅಂಕಿ ಮಾತ್ರ ತಿಳಿಯುತ್ತಿತ್ತು. ಓದಲು ಬಾಯಿ ತೆರೆದಳು. ಶೀತಲ್ ಫೋನ್ ಕಸಿದುಕೊಂಡಳು.

"ಅತ್ತಿ, ಕನ್ನಡಾ ನಿಮಗ ಬರ್ತೈತಿ. ಹಿಂದಿ ನನಗ ಬರ್ತೈತಿ, ಕೇಳ್ರಿ. ಇದರಾಗ ಔಷಧಿ ಸುದ್ದಿನೇ ಇಲ್ಲ. ನಿಮ್ಮ ಖಾತೆದಾಗಿನ ರೊಕ್ಕ ತಗಿಯೂ ನಂಬರ್ ಐತಿ. ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವರು ಬರದಾರ."

"ಅವ್ವಾರ, ನಾನೂ ನಿಮ್ಮ ಊರ ಕಡೆಯವ್ನೇರಿ," ಎಂದಿತು ಫೋನು.

ಬಸವಣ್ಣೆವ್ವ ಫೋನಿನ ಹತ್ತಿರ ಬಾಗಿದಳು. "ನಮ್ಮ ಕಡೆಯವ ಆಗಿದ್ರ, ನನ್ನ ಗಂಡಗ ಏನ್ ಆಗೇತಿ, ಯಾವ ಗುಳಿಗಿ ಬೇಕು ಅಂತ ಒಂದ್ಸಲಾನರೆ ಕೇಳಬೇಕಿತ್ತಲ್ಲೋ ತಮ್ಮಾ. ನೀ ಬರೀ ನಂಬರ್ ಕೇಳಿದಿ."

ಫೋನ್ ಕಟ್ಟಾಯಿತು. ಮತ್ತೆ ಬಡಿದುಕೊಳ್ಳತೊಡಗಿತು. ಶೀತಲ್ ಆ ನಂಬರನ್ನು ಬ್ಲಾಕ್ ಮಾಡಿದಳು. ಇನ್ನೊಂದು ನಂಬರಿನಿಂದ ಬಂತು.

ವಿಮಲಾ, ಸ್ಟೆಂಟ್ ಹಾಕಿದ ಡಾಕ್ಟರ ಆಸ್ಪತ್ರೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಬಿಟ್ಟದ್ದನ್ನು ಸೇರಿಸಿ ಹೆಚ್ಚು ನುಂಗಬೇಡಿ, ಇವತ್ತಿನದು ಪೂರ್ತಿ ತೆಗೆದುಕೊಂಡು ಈಗಲೇ ಬಂದು ತೋರಿಸಿ ಎಂದು ಅಲ್ಲಿಯವರು ಹೇಳಿದರು. ಆಗತಾನೇ ಕೆಲಸದಿಂದ ಬಂದ ಸಿದ್ದೇಶ ಅಂಗಡಿಗೆ ಓಡಿ ಗುಳಿಗೆ ತಂದ. ಶೀತಲ್ ಬ್ಯಾಂಕಿಗೆ ಫೋನ್ ಮಾಡಿ ಅತ್ತೆಯ ಎಟಿಎಂ ಕಾರ್ಡ್ ಬಂದ್ ಮಾಡಿಸಿದಳು. ಖಾತೆಯಿಂದ ಏನೂ ಹೋಗಿರಲಿಲ್ಲ.

ಆಟೋ ಹತ್ತುವ ಮುಂಚೆ ವಿಮಲಾ ಹೇಳಿದಳು: "ಬೆಲೆ ಜಾಸ್ತಿ ಅನ್ನೋದು ಸುಳ್ಳಲ್ಲ ಅಮ್ಮ. ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಗುತ್ತೆ, ಅದಕ್ಕೆ ಯಾವ ಕಾರ್ಡೂ ಬೇಡ. ಅಲ್ಲಿಂದು ತಗೋಬಹುದಾ ಅಂತ ಇವತ್ತು ಡಾಕ್ಟರನ್ನೇ ಕೇಳೋಣ."

"ಇದನ್ನ ಮೊದಲ ಕೇಳಬೇಕಿತ್ತು," ಎಂದಳು ಬಸವಣ್ಣೆವ್ವ. ಗಂಡನ ಕೈ ಹಿಡಿದು ಆಟೋದಲ್ಲಿ ಕೂರಿಸಿದಳು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ, ಅವನ ಉಸಿರನ್ನೇ ನೋಡುತ್ತ ಕುಳಿತಳು. ಇಸಿಜಿ ನೋಡಿದ ಡಾಕ್ಟರು, ಸದ್ಯಕ್ಕೆ ತೊಂದರೆ ಕಾಣುತ್ತಿಲ್ಲ, ಜನೌಷಧಿ ಕೇಂದ್ರದ ಗುಳಿಗೆಯೂ ಆಗುತ್ತದೆ, ಆದರೆ ಇನ್ನು ತಪ್ಪಿಸಿದರೆ ನಾನು ಹೊಣೆಯಲ್ಲ ಎಂದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಕಾರ್ಡು ಬರಬಹುದು. ನಿಮ್ಮ ಭಾಷೆಯಲ್ಲಿ, ನಿಮ್ಮ ಊರಿನ ಹೆಸರು ಹಾಕಿಕೊಂಡೇ ಬರಬಹುದು. ಅಷ್ಟಕ್ಕೇ ನಂಬಬೇಡಿ. ಮೊದಲು ನೀವು ಔಷಧಿ ಕೊಳ್ಳುವ ಅಂಗಡಿಯಲ್ಲೇ ಅದನ್ನು ತೋರಿಸಿ ಕೇಳಿ. ಆಧಾರ್, ಎಟಿಎಂ ನಂಬರು, ಮೊಬೈಲಿಗೆ ಬರುವ ಒಟಿಪಿ ಯಾರಿಗೂ ಹೇಳಬೇಡಿ. ಹೇಳಿಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ಕೂಡಲೇ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಯಾವ ರಿಯಾಯಿತಿಗೂ ಕಾದು ಔಷಧಿ ನಿಲ್ಲಿಸಬೇಡಿ. ಇದನ್ನು ಕೆಳಗಿಟ್ಟು ಎದ್ದು ಹೋಗಿ, ಮನೆಯ ಹಿರಿಯರ ಗುಳಿಗೆ ಎಷ್ಟು ಉಳಿದಿದೆ ನೋಡಿ. ಪೂರ್ತಿ ನುಂಗುತ್ತಿದ್ದೀರಾ ಎಂದು ಅವರನ್ನೇ ಕೇಳಿ. ಮುಗಿಯುತ್ತ ಬಂದಿದ್ದರೆ ಇವತ್ತೇ ತನ್ನಿ.